ಮೀನು ತಿನ್ನದ ಜಟಗ

ಗೇಟು ಎಂದರೆ ಏನು ಎಂಬುದು ಬೊಮ್ಮಯ್ಯನಿಗೆ ಗೊತ್ತಾದದ್ದು ಚೆಂಡಿಯಾದಲ್ಲಿ. ಅಪ್ಪನ ಕಾಲದ ಗದ್ದೆ ನೌಕಾನೆಲೆಗೆ ಹೋದ ಮೇಲೆ, ಬೇಲಿಯ ಒಳಗೆ ಉಳಿದ ತನ್ನ ಮಾವಿನ ಮರ ಈ ಸಲ ಕಾಯಿ ಬಿಟ್ಟಿದೆಯೋ ಇಲ್ಲವೋ ನೋಡಿ ಬರೋಣ ಎಂದು ಅವನು ಒಮ್ಮೆ ಹೋಗಿದ್ದ. ಮೀಸೆ ಸರಿಯಾಗಿ ಮೂಡದ ಕಾವಲುಗಾರನೊಬ್ಬ "ಕಾರ್ಡ್?" ಎಂದ. ಅಷ್ಟೇ. ಬೊಮ್ಮಯ್ಯ ವಾದ ಮಾಡದೆ ತಿರುಗಿ ಬಂದ. ಸಿಟ್ಟು ಬಂದಿತ್ತು, ನಿಜ. ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಬಂದಿತ್ತು. ಒಂದೇ ಶಬ್ದದಲ್ಲಿ ಮನುಷ್ಯನನ್ನು ತಿರುಗಿಸಿ ಕಳಿಸುವುದೆಂದರೆ ಎಂಥ ಸುಖ!

ಆಮೇಲೆ ಅವನು ಹೆಂಡತಿ ಭಾಗೀರಥಿಯ ತವರೂರು ಕಿನ್ನರದಲ್ಲಿ ಜಾಗ ತೆಗೆದುಕೊಂಡು ಕೋಳಿ ಶೆಡ್ಡು ಕಟ್ಟಿದ. ಅದಕ್ಕೊಂದು ಗೇಟು ಇಟ್ಟ. ನಮ್ಮ ಮನೆ ಅವನ ಬೇಲಿಯ ಆಚೆಗೇ ಇರುವುದರಿಂದ ಆ ಗೇಟಿನ ಇತಿಹಾಸ ನನಗೆ ಪೂರ್ತಿ ಗೊತ್ತು.

ಶೆಡ್ಡಿನ ಒಪ್ಪಂದ ಒಂದು ಕಂಪನಿಯ ಜೊತೆ. ಕಂಪನಿ ಮರಿ, ಮೇವು, ಔಷಧಿ ಕೊಡುತ್ತದೆ. ಬೊಮ್ಮಯ್ಯ ಶೆಡ್ಡು, ನೀರು, ಕರೆಂಟು ಮತ್ತು ತನ್ನ ನಿದ್ದೆ ಕೊಡುತ್ತಾನೆ. ಮರಿಗಳು ದೊಡ್ಡವಾದ ಮೇಲೆ ಕಂಪನಿಯ ಲಾರಿ ಬಂದು ಒಯ್ಯುತ್ತದೆ. ಬದುಕಿದ ಕೋಳಿ ಕಂಪನಿಯದು, ಸತ್ತ ಕೋಳಿ ಬೊಮ್ಮಯ್ಯನದು.

ಮೊದಲ ಮರಿ ಇಳಿಸುವ ದಿನ ಕಂಪನಿಯ ಸೂಪರ್‌ವೈಸರ್ ಕಿಶನ ಬಂದು ನಿಯಮಗಳನ್ನು ಹೇಳಿದ. ಗೇಟಿನಲ್ಲಿ ಫಿನಾಯಿಲ್ ನೀರಿನ ತೊಟ್ಟಿ ಇರಬೇಕು. ಒಳಗೆ ಬರುವವರೆಲ್ಲ ಚಪ್ಪಲಿ ಸಮೇತ ಅದರಲ್ಲಿ ಕಾಲು ಅದ್ದಬೇಕು. ಹೊರಗಿನವರು ಬರಲೇಬಾರದು. ಊರಕೋಳಿ ಹತ್ತಿರ ಸುಳಿಯಬಾರದು. ಈ ನಿಯಮಗಳಲ್ಲಿ ಒಂದೂ ಸುಳ್ಳಲ್ಲ. ಕೋಳಿಗೆ ಬರುವ ರಾಣಿಖೇತ್ ರೋಗದ ವೈರಸ್ಸು ಒಣಗಿದ ಹಿಕ್ಕೆಯಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಚಪ್ಪಲಿಯ ಅಡಿಯಲ್ಲಿ ಉಗುರಿನಷ್ಟು ಹಿಕ್ಕೆ ಅಂಟಿದ್ದರೆ ಒಂದು ಶೆಡ್ಡಿಗೆ ಸಾಕು. ತೊಂದರೆ ಏನೆಂದರೆ ಆ ರೋಗ ಮನುಷ್ಯರಿಗೆ ಹೆಚ್ಚೆಂದರೆ ಕಣ್ಣು ಕೆಂಪಗೆ ಮಾಡೀತು, ಅಷ್ಟೇ. ತನಗೆ ಏನೂ ಮಾಡದ ರೋಗವನ್ನು ಮನುಷ್ಯ ಸುಲಭಕ್ಕೆ ನಂಬುವುದಿಲ್ಲ.

ತೊಟ್ಟಿಗೆ ಮೊದಲು ಬಂದವನು ಭಾಗೀರಥಿಯ ಅಣ್ಣ ಜಗದೀಶ. ಊರಿನಲ್ಲಿ ಎಷ್ಟು ಸಮಿತಿಗಳಿವೆಯೋ ಅಷ್ಟಕ್ಕೂ ಅವನೇ ಅಧ್ಯಕ್ಷ.

"ಭಾವ, ಸ್ವಲ್ಪ ಕಾಲು ಅದ್ದಿ ಬಾ," ಎಂದ ಬೊಮ್ಮಯ್ಯ.

"ಎಂತಕ್ಕೆ? ನಾನೇನು ಸಗಣಿ ತುಳಿದು ಬಂದೆನಾ?"

"ಹಾಗಲ್ಲ ಮಾರಾಯ. ಕಾಲಿಂದ ರೋಗ ಬರ್ತದೆ ಅಂತ ಕಂಪನಿಯವ್ರು..."

"ನನ್ನ ಕಾಲಿಂದ? ಭಾಗೀರಥೀ, ಕೇಳಿದ್ಯಾ? ಈ ಜಾಗ ಕೊಡಿಸಿದವ ನಾನು. ಈಗ ನಿನ್ನ ಗಂಡನಿಗೆ ನನ್ನ ಕಾಲಲ್ಲಿ ರೋಗ ಕಾಣ್ತದೆ!"

ಬೊಮ್ಮಯ್ಯ ಗೇಟು ತೆರೆದ. "ಕಾರ್ಡ್?" ಎಂದು ಕೇಳಲು ಚೆಂಡಿಯಾದ ಹುಡುಗನಿಗೆ ಸಾಧ್ಯವಾಗಿದ್ದು ಅವನಿಗೆ ಅಲ್ಲಿ ಭಾವ ಇಲ್ಲದ್ದರಿಂದ ಎಂಬುದು ಬೊಮ್ಮಯ್ಯನಿಗೆ ಅವತ್ತು ಹೊಳೆಯಿತು.

ಅಧ್ಯಕ್ಷರು ಅದ್ದದ ನೀರಿನಲ್ಲಿ ಬೇರೆಯವರು ಯಾಕೆ ಅದ್ದುತ್ತಾರೆ? ಕೆಲವರು ತೊಟ್ಟಿಯನ್ನು ಹಾರಿ ದಾಟಿದರು. ಕೆಲವರು ಪಂಚೆ ಎತ್ತಿಕೊಂಡು ಹೆಬ್ಬೆರಳು ತಾಗಿಸಿ ಮರ್ಯಾದೆ ಮುಗಿಸಿದರು. ಹೊಸ ಚಪ್ಪಲಿ ಹಾಳಾಗುತ್ತದೆಂದು ಅದನ್ನು ಕೈಯಲ್ಲಿ ಹಿಡಿದು, ಬರಿಗಾಲನ್ನು ಫಿನಾಯಿಲಿನಲ್ಲಿ ಚೆನ್ನಾಗಿ ತೊಳೆದು, ಆಚೆ ಹೋಗಿ ಮತ್ತೆ ಅದೇ ಚಪ್ಪಲಿ ಮೆಟ್ಟಿದವರೂ ಇದ್ದಾರೆ. ಸೂಪರ್‌ವೈಸರ್ ಕಿಶನ ಅಂಕೋಲೆಯಿಂದ ಹೊರಟು ದಾರಿಯಲ್ಲಿ ಸಿಕ್ಕ ಎಲ್ಲ ಫಾರ್ಮುಗಳನ್ನೂ ಮೆಟ್ಟಿ, ಅದೇ ಬೂಟಿನಲ್ಲಿ ಇಲ್ಲಿಗೆ ಬಂದು, ತೊಟ್ಟಿಯ ಪಕ್ಕದಿಂದ ದಾಟಿ ಒಳಗೆ ಹೋಗಿ ಶುಚಿತ್ವದ ಬಗ್ಗೆ ಮಾತಾಡುತ್ತಿದ್ದ. ಕಂಪನಿಯವನಿಗೆ ಕಂಪನಿಯ ನಿಯಮ ಯಾಕೆ?

ಬೊಮ್ಮಯ್ಯನ ಕಥೆ ಇನ್ನೂ ಚಂದ. ಬೆಳಿಗ್ಗೆ ಸ್ಕೂಟರಿನಲ್ಲಿ ಕಾರವಾರ ಪೇಟೆಗೆ ಹೋಗುತ್ತಾನೆ. ಮೀನು ಕೊಳ್ಳುತ್ತಾನೆ. ಕೋಳಿ ಅಂಗಡಿಯ ಮುಂದೆ, ಗರಿ ಹಾರುವಲ್ಲಿಯೇ ನಿಂತು ಅಂದಿನ ದರ ವಿಚಾರಿಸುತ್ತಾನೆ. ವಾಪಸು ಬಂದು, ಮೀನಿನ ಚೀಲವನ್ನು ಭಾಗೀರಥಿಯ ಕೈಗೆ ಕೊಟ್ಟು, ನೇರ ಶೆಡ್ಡಿಗೆ. ತೊಟ್ಟಿಯ ಕಡೆ ಕಣ್ಣೂ ಹಾಯಿಸುವುದಿಲ್ಲ.

"ನೀವು ಅದ್ದೂದಿಲ್ವಾ?" ಎಂದು ಭಾಗೀರಥಿ ಒಮ್ಮೆ ಕೇಳಿದಳು.

"ನಾನು ದಿನಾ ಹೋಗುವವ. ಕೋಳಿಗೆ ನನ್ನ ಗುರ್ತ ಅದೆ."

ಮೊದಲ ಬ್ಯಾಚಿನ ಕೋಳಿಗಳು ಕುತ್ತಿಗೆ ತಿರುಚಿಕೊಂಡು ಆಕಾಶ ನೋಡತೊಡಗಿದವು. ಹಸಿರು ಹಿಕ್ಕೆ, ತೂಕಡಿಕೆ, ಸಾವು. ಶೆಡ್ಡಿನ ಕೆಲಸದ ನಾಗಿ ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿ ಮೇಲೆ ಸುಣ್ಣ ಸುರಿದಳು. ಎರಡನೆಯ ಬ್ಯಾಚೂ ಅದೇ ದಾರಿ ಹಿಡಿಯಿತು. ಆಗ ಕಿಶನ ಗೇಟಿನ ಹತ್ತಿರ ನಿಂತು ಮೊಬೈಲು ನೋಡುತ್ತಲೇ ಹೇಳಿದ: "ಬೊಮ್ಮಯ್ಯಣ್ಣ, ಮೂರನೇದೂ ಹೀಗಾದ್ರೆ ಕಂಪನಿ ಮರಿ ಕೊಡೂದಿಲ್ಲ. ಶೆಡ್ಡಲ್ಲಿ ಅಣಬೆ ಬೆಳೆಸು."

ಚೆಂಡಿಯಾದ ಗದ್ದೆಗೆ ಬಂದ ಪರಿಹಾರದ ಹಣವೆಲ್ಲ ಈ ಶೆಡ್ಡಿನ ಕಂಬ, ತಗಡು, ಜಾಲರಿಯಾಗಿ ನಿಂತಿತ್ತು. ಇನ್ನೊಂದು ಜಾಗದಿಂದ ಏಳುವ ವಯಸ್ಸು ಅವನದಲ್ಲ. ಶೆಡ್ಡು ತೊಳೆದು, ಸುಣ್ಣ ಬಳಿದು, ಖಾಲಿ ಬಿಟ್ಟ ಆ ದಿನಗಳಲ್ಲಿ ಅವನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಅಲ್ಲಿ ಕೂತೇ ಅವನಿಗೆ ಆ ಯೋಚನೆ ಬಂದದ್ದು. ನಮ್ಮ ಜನ ಡಾಕ್ಟರು ಹೇಳಿದರೆ ಕೇಳುವುದಿಲ್ಲ, ಕಂಪನಿ ಹೇಳಿದರೆ ಕೇಳುವುದಿಲ್ಲ. ಆದರೆ ದಾರಿಬದಿಯ ಕಾವಲು ದೇವರಾದ ಜಟಗನ ಕಲ್ಲು ಕಂಡರೆ, ಬೈಕಿನಲ್ಲಿ ಹೋಗುವವನೂ ಹಾರನ್ ಹೊಡೆದು, ಎದೆ ಮುಟ್ಟಿಕೊಂಡು ಹೋಗುತ್ತಾನೆ.

ಮರುದಿನ ಬೆಳಿಗ್ಗೆ, ಫಿನಾಯಿಲ್ ಡ್ರಮ್ಮಿನ ಮುಚ್ಚಳ ಹಾರದಂತೆ ಇಟ್ಟಿದ್ದ ಕಾಳಿ ಹೊಳೆಯ ಕಲ್ಲು ತೊಟ್ಟಿಯ ಪಕ್ಕಕ್ಕೆ ಬಂತು. ಅದಕ್ಕೆ ಕುಂಕುಮ, ಒಂದು ಕೆಂಪು ದಾಸವಾಳ. "ಇಲ್ಲಿ ಜಟಗ ಇದ್ದಾನಂತೆ. ಕಾಲು ತೊಳೀದೆ ಒಳಗೆ ಹೋದವರನ್ನ ಬಿಡೂದಿಲ್ವಂತೆ," ಎಂದು ಬೊಮ್ಮಯ್ಯ ನಾಗಿಗೆ ಹೇಳಿದ. ಬೇರೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ.

ಪರಿಣಾಮ ನಾನು ಕಣ್ಣಾರೆ ಕಂಡದ್ದು. ಗ್ಯಾಸಿನವ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಎರಡೂ ಕಾಲು ಮುಳುಗಿಸಿದ. ಮೀಟರ್ ನೋಡುವವ ಬೂಟು ಸಮೇತ ಇಳಿದ. ಜಗದೀಶ ಬಂದವನು ಕಲ್ಲು ನೋಡಿ ತಡೆದು ನಿಂತು, ಪಂಚೆ ಎತ್ತಿ, ಮೊಣಕಾಲವರೆಗೆ ತೊಳೆದುಕೊಂಡು, "ಮೊದಲೇ ಹೇಳೂದಲ್ವಾ ಭಾವ?" ಎಂದ. ಎರಡು ಬ್ಯಾಚು ಕೋಳಿ ಸತ್ತು ಹೇಳಲಾಗದ್ದನ್ನು ಒಂದು ಹಿಡಿ ಕುಂಕುಮ ಹೇಳಿತ್ತು. ಬೊಮ್ಮಯ್ಯ ಮಾತ್ರ ಎಂದಿನಂತೆ ತೊಟ್ಟಿ ಬಿಟ್ಟು ಪಕ್ಕದಿಂದಲೇ ಓಡಾಡುತ್ತಿದ್ದ. ಜಟಗನನ್ನು ತಂದಿಟ್ಟವನೇ ಅವನು. ಅವನನ್ನು ಜಟಗ ಏನು ಮಾಡಿಯಾನು?

ಮೂರನೆಯ ಬ್ಯಾಚಿನ ಮರಿಗಳು ಇಳಿದವು. ಹತ್ತಿಯ ಉಂಡೆಗಳಂತೆ ಬಲ್ಬಿನ ಕೆಳಗೆ ಗುಂಪಾಗಿ, ಚೆನ್ನಾಗಿದ್ದವು.

ಆದರೆ ದೇವರಿದ್ದಲ್ಲಿ ಭಕ್ತರು ಬಾರದೆ ಇರುತ್ತಾರೆಯೆ? ತೊಟ್ಟಿಯೊಳಗೆ ಹೂವು ಬಿತ್ತು, ಕಾಯಿ ನೀರು ಬಿತ್ತು, ನಾಣ್ಯ ಬಿತ್ತು. ಹಾಲಿನಂತೆ ಬೆಳ್ಳಗಿದ್ದ ಫಿನಾಯಿಲ್ ನೀರನ್ನು ಒಬ್ಬ ಅಜ್ಜಿ ಬೊಗಸೆಯಲ್ಲಿ ತೆಗೆದು ತೀರ್ಥವೆಂದು ಬಾಯಿಗೆ ಒಯ್ಯುವಷ್ಟರಲ್ಲಿ ಬೊಮ್ಮಯ್ಯ ಓಡಿ ಬಂದು ಅವಳ ಕೈ ತಟ್ಟಿ ಚೆಲ್ಲಿಸಿದ. "ದೇವರ ನೀರು ಕೊಡೂದಕ್ಕೂ ಜಿಪುಣತನ!" ಎಂದು ಅಜ್ಜಿ ಬೈದು ಹೋದಳು. ಕೊಳೆ ಸೇರಿದ ಫಿನಾಯಿಲಿಗೆ ರೋಗಾಣು ಕೊಲ್ಲುವ ಶಕ್ತಿ ಉಳಿಯುವುದಿಲ್ಲವಾದ್ದರಿಂದ ಅವನು ಬೆಳಿಗ್ಗೆ ಸಂಜೆ ನೀರು ಬದಲಿಸತೊಡಗಿದ. ಅಲ್ಲಿಗೆ ಮುಗಿದಿದ್ದರೆ ಕಥೆ ಸುಖವಾಗಿಯೇ ಇತ್ತು.

ಬೊಮ್ಮಯ್ಯ ಒಂದು ವಿಷಯ ಮರೆತಿದ್ದ. ಕಾವಲು ದೇವರಿಗೆ ಜನ ಹೆದರುತ್ತಾರೆ ಎಂದು ಜಟಗನನ್ನು ಆರಿಸಿಕೊಂಡವನು, ಕಾವಲು ದೇವರಿಗೆ ಜನ ಏನು ಕೊಡುತ್ತಾರೆ ಎಂದು ಯೋಚಿಸಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಗೇಟಿನ ಮುಂದೆ ಮೂರು ಜನ ನಿಂತಿದ್ದರು. ಮೂವರ ಕಂಕುಳಲ್ಲೂ ಒಂದೊಂದು ಹುಂಜ.

ಅವರಲ್ಲಿ ಅಂಕೋಲೆಯ ಕಡೆಯಿಂದ ಬಸ್ಸು ಬದಲಿಸಿ ಬಂದಿದ್ದ ಹೆಂಗಸಿನ ಹುಂಜ ಕಣ್ಣು ಮುಚ್ಚಿ ತೂಕಡಿಸುತ್ತಿತ್ತು. ಆಗಾಗ ಬಾಯಿ ತೆರೆದು ಗೊರಗೊರ ಉಸಿರೆಳೆಯುತ್ತಿತ್ತು.

"ಇದು ಹೀಗೆ ಯಾಕೆ ಮಾಡ್ತದೆ, ಅಕ್ಕಾ?" ಬೊಮ್ಮಯ್ಯ ಕೇಳಿದ.

"ಹರಕೆಯದು ತಮ್ಮಾ. ಹಬ್ಬಕ್ಕೆ ಕೊಡೂದಿತ್ತು. ನಮ್ಮ ಕೇರಿಯಲ್ಲಿ ಕೋಳಿಗೆಲ್ಲ ಬೇನೆ ಬಂದದೆ. ಇದೂ ಸತ್ತುಹೋದ್ರೆ ದೇವರಿಗೆ ಸುಳ್ಳಾಗ್ತದಲ್ಲ? ಅದ್ಕೇ ಜೀವ ಇರೂದ್ರೊಳಗೆ ಓಡಿಕೊಂಡು ಬಂದೆ."

ಭಕ್ತಿಯಲ್ಲಿ ಇಷ್ಟು ಲೆಕ್ಕಾಚಾರ ಇರುವುದು ನನಗೂ ಅವತ್ತೇ ಗೊತ್ತಾದದ್ದು. ರೋಗ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿಂದ, ಆರಿಸಿ ತೆಗೆದ ಹಾಗೆ, ಸಾಯಲಿರುವ ಹುಂಜಗಳೇ ಇನ್ನು ಈ ಗೇಟಿಗೆ ಬರಲಿದ್ದವು. ಶೆಡ್ಡಿನ ಜಾಲರಿ ಅಲ್ಲಿಂದ ನಾಲ್ಕು ಮಾರು ದೂರ. ಗಾಳಿ ಹೊಳೆಯ ಕಡೆಯಿಂದ ಒಳಕ್ಕೆ ಬೀಸುತ್ತಿತ್ತು.

ಬೊಮ್ಮಯ್ಯ ಹುಂಜದ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟ. "ನಿಲ್ಲಿ, ನಿಲ್ಲಿ! ಈ ಜಟಗ ಕೋಳಿ ತಿನ್ನೂದಿಲ್ಲ!"

"ಜಟಗ ಕೋಳಿ ತಿನ್ನೂದಿಲ್ವಾ?" ಹೆಂಗಸು ನಕ್ಕಳು. "ಮತ್ತೆ ಎಂತ ತಿಂತಾನೆ, ಬಿಸ್ಕೀಟಾ?"

"ಬೇಕಾದ್ರೆ ಕೌಲು ಕೇಳುವಾ."

ಕೌಲು ಎಂದರೆ ದೇವರ ಅಪ್ಪಣೆ. ಕಲ್ಲಿನ ಎಡಕ್ಕೂ ಬಲಕ್ಕೂ ಒದ್ದೆ ಎಸಳು ಅಂಟಿಸುವುದು. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಬೊಮ್ಮಯ್ಯ ಎಡದ ಎಸಳನ್ನು ಬರೀ ತೇವ ಮಾಡಿ ಒತ್ತಿ ಹಚ್ಚಿದ. ಬಲದ್ದರ ಹಿಂದೆ ದಪ್ಪ ಹನಿ ಬಿಟ್ಟ. ತೆಳುವಾದ ನೀರಿನ ಪದರ ಎಸಳನ್ನು ಹಿಡಿದಿಡುತ್ತದೆ, ದಪ್ಪ ಹನಿ ಜಾರಿಸುತ್ತದೆ. "ಜಟಗಾ, ನೀನು ಸಸ್ಯಾಹಾರಿ ಹೌದಾದ್ರೆ ಬಲ ಕೊಡು," ಎಂದು ಅವನು ಕೈ ಮುಗಿಯುವ ಮೊದಲೇ ಬಲ ಬಿತ್ತು. ಮೂರು ಹುಂಜಗಳೂ ಬಂದ ಬಸ್ಸಿನ ದಿಕ್ಕಿಗೆ ಹೋದವು. ಅವರು ಹೋದ ಮೇಲೆ, ಅವರು ನಿಂತಿದ್ದ ನೆಲಕ್ಕೆಲ್ಲ ನಾಗಿ ಸುಣ್ಣ ಚೆಲ್ಲಿದಳು. ಬೊಮ್ಮಯ್ಯ ಎಂಟು ದಿನ ಕೋಳಿಗಳ ಕುತ್ತಿಗೆಯನ್ನೇ ನೋಡುತ್ತ ಕಳೆದ. ಯಾವ ಕುತ್ತಿಗೆಯೂ ತಿರುಚಲಿಲ್ಲ.

ಹುಂಜ ಬರುವುದು ನಿಂತಿತು. ಆದರೆ ಸಸ್ಯಾಹಾರಿ ಜಟಗ ಎಂಬ ಸುದ್ದಿ ಹುಂಜಕ್ಕಿಂತ ವೇಗವಾಗಿ ಓಡಿತು. ಇಂಥ ಮೇಲ್ಮಟ್ಟದ ಜಟಗ ಎರಡು ತಾಲೂಕಿನಲ್ಲಿ ಎಲ್ಲೂ ಇಲ್ಲ ಎಂದು ಜಗದೀಶ ಹೇಳಿಕೊಂಡು ತಿರುಗಿದ. ಒಂದು ರವಿವಾರ ಊಟದ ಹೊತ್ತು ಕಳೆದ ಮೇಲೆ ಅವನು ಹದಿನೈದು ಇಪ್ಪತ್ತು ಜನರನ್ನು ಕಟ್ಟಿಕೊಂಡು ಬಂದ. ಅಭಿವೃದ್ಧಿ ಸಮಿತಿಯಂತೆ. ಅಧ್ಯಕ್ಷ ಯಾರೆಂದು ಹೇಳಬೇಕಾಗಿಲ್ಲ. ಒಬ್ಬನ ಕೈಯಲ್ಲಿ ಅಳತೆಯ ಟೇಪು ಇತ್ತು.

"ಭಾವ, ಇಲ್ಲಿ ಗುಡಿ, ಇಲ್ಲಿ ಕಮಾನು, ಅಲ್ಲಿ ಸಭಾಭವನ," ಎಂದು ಜಗದೀಶ ಕೈ ಚಾಚಿದ. ಸಭಾಭವನದ ದಿಕ್ಕಿನಲ್ಲಿ ಶೆಡ್ಡಿತ್ತು.

"ಅಲ್ಲಿ ನನ್ನ ಕೋಳಿ ಅದಾವಲ್ಲ."

"ಅದೇ ಹೇಳೂಕೆ ಬಂದದ್ದು. ಸಸ್ಯಾಹಾರಿ ದೇವರ ಪಕ್ಕ ಕೋಳಿ ಶೆಡ್ಡು ಅಂದ್ರೆ ಮೈಲಿಗೆ. ಶೆಡ್ಡು ತೆಗೀಬೇಕು. ನೀನಾಗಿ ತೆಗೆದ್ರೆ ಕಮಾನಿನ ಮೇಲೆ ನಿನ್ನ ಹೆಸರೂ ಬರ್ತದೆ, ನನ್ನ ಹೆಸರಿನ ಕೆಳಗೆ. ಇಲ್ಲದಿದ್ರೆ ವಾಸನೆ ಬರ್ತದೆ ಅಂತ ಪಂಚಾಯ್ತಿಗೆ ಅರ್ಜಿ ಕೊಡೂದು."

ಬೊಮ್ಮಯ್ಯ ಶೆಡ್ಡಿನ ಕಡೆ ನೋಡಿದ. ರೋಗ ಒಯ್ಯದೆ ಬಿಟ್ಟ ಶೆಡ್ಡನ್ನು ಈಗ ದೇವರು ಒಯ್ಯುತ್ತಿದ್ದ. ಕೊನೆಗೆ ಅವನು ಯಾವತ್ತೂ ಹೇಳಬಾರದೆಂದುಕೊಂಡಿದ್ದ ಮಾತನ್ನು ಹೇಳಿದ: "ಭಾವ, ಅದು ದೇವರಲ್ಲ. ಡ್ರಮ್ಮಿನ ಮುಚ್ಚಳಕ್ಕೆ ಇಟ್ಟ ಕಲ್ಲು. ನಾನೇ ಹೊಳೆಯಿಂದ ತಂದದ್ದು. ನೀವು ಯಾರೂ ಕಾಲು ತೊಳೀತಿರಲಿಲ್ಲ, ಅದಕ್ಕೆ ಕುಂಕುಮ ಹಚ್ಚಿದೆ."

ಎಲ್ಲರೂ ಕಲ್ಲಿನ ಕಡೆ ತಿರುಗಿದರು. ಆಮೇಲೆ ಟೇಪಿನವನು ಭಕ್ತಿಯಿಂದ, "ನಿನ್ನ ಕೈಯಿಂದಲೇ ತರಿಸಿಕೊಂಡ ನೋಡು!" ಎಂದ. ಎಲ್ಲರೂ ಕಲ್ಲಿಗೆ ಕೈ ಮುಗಿದರು. ಬೊಮ್ಮಯ್ಯ ಬೇಲಿಯಾಚೆ ನಿಂತಿದ್ದ ನನ್ನ ಕಡೆ ನೋಡಿದ. ಈತ ವಿಜ್ಞಾನ ಓದಿದವನು, ಏನಾದರೂ ಹೇಳಿಯಾನು ಎಂಬ ಆಸೆ ಇರಬೇಕು. ಟೇಪು ಹಿಡಿದವನಿಗೆ ವಿಜ್ಞಾನ ಏನು ಹೇಳೀತು? ಸಮಿತಿ ಅಳತೆಗೆಂದು ಒಳಗೆ ಹೊರಟಿತು.

ಆಗ ಭಾಗೀರಥಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗೇಟಿಗೆ ಅಡ್ಡ ನಿಂತಳು.

"ಅಣ್ಣಾ, ಒಂದು ಸಂಶಯ. ಮೈಲಿಗೆ ಮಾಡೂದು ಕೋಳಿಯಾ, ಕೋಳಿ ತಿನ್ನುವ ಬಾಯಿಯಾ?"

"ಎಂತ ಹೇಳ್ತೆ ನೀನು?"

"ಶೆಡ್ಡಿನ ಕೋಳಿ ಹುಟ್ಟಿದಲ್ಲಿಂದ ಒಂದು ತುಂಡು ಮೀನು ಕಂಡದ್ದಿಲ್ಲ. ಮೆಕ್ಕೆಜೋಳ, ಸೋಯಾ, ನೀರು. ಅಷ್ಟು ಮಡಿ ನಮ್ಮ ಭಟ್ಟರ ಮನೆಯಲ್ಲೂ ಇರ್ಲಿಕ್ಕಿಲ್ಲ. ದೇವರ ಹತ್ತಿರ ಇರೂಕೆ ಅವಕ್ಕಿಂತ ಯೋಗ್ಯರು ಯಾರಿದ್ದಾರೆ ಇಲ್ಲಿ?"

ಮೇವಿನ ಚೀಲದ ಮೇಲೆ ಬರೆದದ್ದು ನಿಜಕ್ಕೂ ಹಾಗೆಯೇ ಇತ್ತು. ಕೆಲವು ಕಡೆ ಮೇವಿಗೆ ಒಣಮೀನಿನ ಪುಡಿ ಬೆರೆಸುವುದುಂಟು ಎಂದು ನನಗೆ ಗೊತ್ತು. ಅದನ್ನು ಹೇಳುವ ಸಮಯ ಅದಲ್ಲ ಎಂಬುದೂ ಗೊತ್ತಿತ್ತು.

"ಇವತ್ತು ರವಿವಾರ," ಎಂದಳು ಭಾಗೀರಥಿ. "ಈಗಷ್ಟೇ ಊಟ ಮುಗಿಸಿ ಬಂದೀರಿ. ಮೀನು ತಿನ್ನದೆ ಬಂದವರು ಯಾರು, ಮುಂದೆ ಬನ್ನಿ. ಗೇಟು ತೆಗೀತೆ."

ಯಾರೂ ಮುಂದೆ ಬರಲಿಲ್ಲ. ಟೇಪಿನವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ಒಯ್ದ.

"ಅಣ್ಣಾ, ನೀನು ಎಂತ ತಿಂದು ಬಂದೆ?"

"ನಾನು... ಅನ್ನ."

"ಅನ್ನದ ಮೇಲೆ?"

"ಸ್ವಲ್ಪ ಬಂಗಡೆ," ಎಂದ ಅಧ್ಯಕ್ಷ. ಹಿಂದಿನಿಂದ ಯಾರೋ, "ಸ್ವಲ್ಪ ಅಲ್ಲ, ನಾಲ್ಕು. ನಾನೇ ಪಕ್ಕದಲ್ಲಿ ಕೂತಿದ್ದೆ," ಎಂದರು.

"ಹಾಗಾದ್ರೆ ಸೋಮವಾರ ಬರ್ತೇವೆ. ಸೋಮವಾರ ನಾವು ಮೀನು ಮುಟ್ಟೂದಿಲ್ಲ," ಎಂದು ಜಗದೀಶ ಚೇತರಿಸಿಕೊಂಡ.

"ದರ್ಶನಕ್ಕೆ ಬರುವವರಿಗೆ ಸೋಮವಾರ ಆದೀತು. ಗುಡಿ ಕಟ್ಟುವ ಸಮಿತಿಯವರು ಅಂದ್ರೆ ಕಾಯಂ ಬಿಡಬೇಕಲ್ವಾ? ಸಸ್ಯಾಹಾರಿ ದೇವರ ಅಧ್ಯಕ್ಷ ಪೇಟೆಯಲ್ಲಿ ಇಸವಾಣ ಮೀನಿನ ಕಿವಿರು ಎತ್ತಿ ನೋಡ್ತಾ ನಿಂತ್ರೆ ನೋಡಿದವರು ಏನಂದಾರು? ಇಲ್ಲೇ ಕಲ್ಲು ಮುಟ್ಟಿ ಹೇಳು ಅಣ್ಣಾ, ಇನ್ನು ಮೀನು ತಿನ್ನೂದಿಲ್ಲ ಅಂತ. ನಾಳೆಯೇ ಶೆಡ್ಡು ತೆಗೆಸ್ತೆ."

ಜಗದೀಶ ಕಲ್ಲನ್ನು ನೋಡಿದ. ಅವನು ಇದುವರೆಗೆ ಸಮಿತಿಗಳಿಗಾಗಿ ಏನೆಲ್ಲ ತ್ಯಾಗ ಮಾಡಿದ್ದಾನೆಂದು ಪ್ರತಿ ಭಾಷಣದಲ್ಲಿ ಹೇಳುತ್ತಾನೆ. ಅವತ್ತು ಅವನ ಕೈ ಕಲ್ಲಿನ ಕಡೆ ಅರ್ಧ ಹೋಗಿ, ಅಲ್ಲಿಂದ ತಲೆ ತುರಿಸಿಕೊಳ್ಳಲು ತಿರುಗಿತು.

"ವಿಚಾರ ಮಾಡುವಾ," ಎಂದ.

ಆ ವಿಚಾರ ಇನ್ನೂ ಮುಗಿದಿಲ್ಲ. ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ಮನೆಯ ತೊಂದರೆ, ಸೊಂಟನೋವು, ಮಗಳ ಮದುವೆ ಎಂದು ಹಿಂದೆ ಸರಿದರು. ಪಂಚಾಯ್ತಿಗೆ ಅರ್ಜಿಯೂ ಹೋಗಲಿಲ್ಲ; ಕೊಟ್ಟರೆ ಭಾಗೀರಥಿ ಅಲ್ಲಿಯೂ ಬಂದು ಬಂಗಡೆಯ ಲೆಕ್ಕ ಕೇಳುತ್ತಾಳೆಂಬ ಭಯವಿತ್ತು. ಮೀನು ತಿಂದವರು ಜಟಗನ ಗೇಟು ದಾಟಬಾರದು ಎಂಬ ಮಾತು ಹಬ್ಬಿದ ಮೇಲೆ ಭಕ್ತರು ದೂರದಿಂದಲೇ ಕೈ ಮುಗಿದು ಹೋಗತೊಡಗಿದರು. ಕಾರವಾರದಲ್ಲಿ ಮೀನು ಬಿಡುವಷ್ಟು ದೊಡ್ಡ ಕಷ್ಟ ಯಾವ ಭಕ್ತನಿಗೂ ಬಂದಿರಲಿಲ್ಲ. ಹೊರಗಿನವರು ಬರಲೇಬಾರದು ಎಂಬ ಕಂಪನಿಯ ನಿಯಮ ಹೀಗೆ ಜಾರಿಗೆ ಬಂತು.

ಕಿಶನನಿಗೂ ವಿನಾಯಿತಿ ಸಿಗಲಿಲ್ಲ. ಮುಂದಿನ ಸಲ ಪೇಟೆಯ ಹೋಟೆಲಿನಲ್ಲಿ ಮೀನೂಟ ಮಾಡಿ ಬಂದವನನ್ನು ಭಾಗೀರಥಿ ಗೇಟಿನಲ್ಲೇ ತಡೆದಳು. ಒಳಗೆ ಹೋಗಲೇಬೇಕಾದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬೇರೆ ಚಪ್ಪಲಿ ಮೆಟ್ಟಿ ಹೋಗಬಹುದು ಎಂದಳು. ಅಂಕೋಲೆಯ ಫಾರ್ಮುಗಳ ಧೂಳು ಹೊತ್ತ ಪ್ಯಾಂಟು, ಬೂಟು ಬಚ್ಚಲಿನ ಹೊರಗೆ ಉಳಿದವು. ಬೊಮ್ಮಯ್ಯನ ಹಳೆಯ ಲುಂಗಿ ಉಟ್ಟು, ಒದ್ದೆ ತಲೆಯಲ್ಲಿ ಕೋಳಿ ತೂಗುತ್ತಿದ್ದ ಸೂಪರ್‌ವೈಸರನನ್ನು ನೋಡಿ ನಾಗಿ ಬುಟ್ಟಿ ಕೆಳಗಿಟ್ಟು ನಕ್ಕಳು. ಸ್ನಾನ, ಬಟ್ಟೆ, ಚಪ್ಪಲಿ: ಕೋಳಿ ಸಾಕಣೆಯ ಯಾವುದೇ ಒಳ್ಳೆಯ ಪುಸ್ತಕ ತೆರೆದರೂ ಇದೇ ಕ್ರಮದಲ್ಲಿ ಇದೇ ಮೂರು ಇವೆ. ಭಾಗೀರಥಿ ಆ ಪುಸ್ತಕ ಓದಿಲ್ಲ. ಅವಳು ಓದಿದ್ದು ತನ್ನ ಅಣ್ಣನನ್ನು.

ಮೂರನೆಯ ಬ್ಯಾಚು ನೆಟ್ಟಗಿನ ಕುತ್ತಿಗೆಯೊಂದಿಗೆ ಲಾರಿ ಹತ್ತಿತು. ನಾಲ್ಕನೆಯದಕ್ಕೆ ಮರಿ ಬಂದಿದೆ. ಕಂಪನಿಯ ಸಭೆಯಲ್ಲಿ ಕಿಶನ ಇದು ತನ್ನ ಸತತ ಮಾರ್ಗದರ್ಶನದ ಫಲ ಎಂದು ಹೇಳಿ ಶಾಲು ಹೊದೆಸಿಕೊಂಡನಂತೆ. ಲುಂಗಿಯ ವಿಷಯ ಹೇಳಲಿಲ್ಲವಂತೆ.

ಉಳಿದವನು ಬೊಮ್ಮಯ್ಯ. ಜಟಗ ಬಂದ ಮೇಲೂ ಆ ತೊಟ್ಟಿಗೆ ಕಾಲು ತಾಗಿಸದೆ ಓಡಾಡಿದ ಏಕೈಕ ಮನುಷ್ಯ. ಮೀನಿಲ್ಲದೆ ಅವನಿಗೆ ತುತ್ತು ಇಳಿಯುವುದಿಲ್ಲ. ಶೆಡ್ಡಿಗೆ ಹೋಗದೆ ದಿನ ಕಳೆಯುವುದಿಲ್ಲ. ಹಾಗಾಗಿ ಅವನು ಊಟವಾದ ಪ್ರತಿ ಸಲ ಸ್ನಾನ ಮಾಡಬೇಕು.

"ಕಲ್ಲು ತಂದವ ನಾನೇ ಅಲ್ವೇನೇ?" ಎಂದು ಮೊದಲ ದಿನ ಅವನು ಬಚ್ಚಲಿನಿಂದ ಗೊಣಗಿದ್ದು ನಮ್ಮ ಮನೆಗೂ ಕೇಳಿತ್ತು.

"ಹೌದು, ತಂದವರು ನೀವೇ. ಬೆನ್ನಿಗೆ ಸಾಬೂನು ಹಚ್ಚಿಕೊಳ್ಳಿ," ಎಂದಳು ಭಾಗೀರಥಿ.

ಮೊನ್ನೆ ಭಾಗೀರಥಿ ಮದುವೆಗೆಂದು ಅಂಕೋಲೆಗೆ ಹೋಗಿದ್ದಳು. ನಾಗಿಗೂ ರಜೆ. ಮಧ್ಯಾಹ್ನ ನಾನು ಬೇಲಿಯ ಹತ್ತಿರ ನುಗ್ಗೆ ಕೊಯ್ಯುತ್ತಿದ್ದೆ. ಬೊಮ್ಮಯ್ಯ ನನ್ನನ್ನು ನೋಡಿರಲಿಲ್ಲ. ಉಳಿದ ಬಂಗಡೆ ಸಾರು ಬಿಸಿ ಮಾಡಿ ಉಂಡು ಹೊರಗೆ ಬಂದ. ಗೇಟಿನವರೆಗೆ ನೇರ ನಡೆದ. ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಒಂದು ಕಾಲು ಎತ್ತಿ ತೊಟ್ಟಿಯ ಪಕ್ಕಕ್ಕೆ ಇಡಲು ಹೋಗಿ, ಕಲ್ಲಿನ ಕಡೆ ವಾರೆಗಣ್ಣಿನಿಂದ ನೋಡಿ, ಹಾಗೇ ನಿಂತ.

ಆಮೇಲೆ ತಿರುಗಿ ಬಚ್ಚಲಿಗೆ ಹೋದ. ಕೊಡ ಕೊಡ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.